ಶರಾವತಿಯೋ ನೇತ್ರಾವತಿಯೋ: ಎರಡು ಪದಬಂಧಗಳ ಜೊತೆ ಒಂದು ತಿಂಗಳು

ಒಂದು ತಿಂಗಳು ದಿನಾ ಎರಡು ಪದಬಂಧ ಬಿಡಿಸಿದೆ. ಒಂದು ಮನೆಗೆ ಬರುವ ಕನ್ನಡ ಪತ್ರಿಕೆಯದು, ಪೆನ್ಸಿಲ್ ಹಿಡಿದು. ಇನ್ನೊಂದು ನ್ಯೂಯಾರ್ಕ್ ಟೈಮ್ಸ್‌ದು, ಮೊಬೈಲ್‌ನಲ್ಲಿ, ಚಂದಾ ಕಟ್ಟಿ. ಅಲ್ಲಿ ವಾರದ ದಿನಗಳಲ್ಲಿ ರಾತ್ರಿ 10ಕ್ಕೆ ಮರುದಿನದ ಪದಬಂಧ ಬರುತ್ತದೆ. ಅವರ ಬೇಸಿಗೆಯಲ್ಲಿ ಅದು ನಮಗೆ ಬೆಳಗ್ಗೆ 7.30, ಸರಿಯಾಗಿ ಕಾಫಿ ಹೊತ್ತು.

ನನಗೆ ಕುತೂಹಲ ಇದ್ದದ್ದು ಥೀಮ್ ಬಗ್ಗೆ, ಅಂದರೆ ಪದಬಂಧದ ಮುಖ್ಯ ಉತ್ತರಗಳನ್ನು ಜೋಡಿಸುವ ಎಳೆಯ ಬಗ್ಗೆ. ಟೈಮ್ಸ್‌ನಲ್ಲಿ ಸೋಮವಾರ ಸುಲಭ, ಶನಿವಾರದ ಹೊತ್ತಿಗೆ ಕಬ್ಬಿಣದ ಕಡಲೆ. ಶುಕ್ರವಾರ, ಶನಿವಾರ ಸಾಮಾನ್ಯವಾಗಿ ಥೀಮ್ ಇರುವುದಿಲ್ಲ. ಗುರುವಾರ ತರಲೆ ದಿನ. ಕೆಲವು ಸಲ ಒಂದೇ ಚೌಕದಲ್ಲಿ ಮೂರು ನಾಲ್ಕು ಅಕ್ಷರ ತುಂಬಬೇಕು. ರೀಬಸ್ ಅನ್ನುತ್ತಾರೆ. ಮೊದಲ ಸಲ ಗೊತ್ತಾದಾಗ ನಗು ಬಂತು. ನಾವು 'ಸ್ತ್ರೀ' ಅನ್ನು ದಿನಾ ಒಂದೇ ಚೌಕದಲ್ಲಿ ಕೂರಿಸುತ್ತೇವೆ, ಅಲ್ವಾ? 'ಲಕ್ಷ್ಮಿ'ಗೆ ಎರಡೇ ಚೌಕ ಸಾಕು.

ಆದರೆ ಅಲ್ಲಿನ ಥೀಮ್ ಕೈಹಿಡಿಯುತ್ತದೆ. ಒಂದು ಉದ್ದ ಉತ್ತರದ ಗುಟ್ಟು ಸಿಕ್ಕರೆ ಉಳಿದವೂ ದಾರಿಗೆ ಬರುತ್ತವೆ. ಪ್ರತಿ ಅಕ್ಷರಕ್ಕೂ ಅಡ್ಡಲಾಗಿ ಇನ್ನೊಂದು ಪದ ಇರುವುದರಿಂದ ತಪ್ಪು ಬಹಳ ಹೊತ್ತು ಅಡಗಿರುವುದಿಲ್ಲ. ಬೇಸ್‌ಬಾಲ್ ಆಟಗಾರರ ಹೆಸರು ಬಂದಾಗ ಮಾತ್ರ ನಾನು ಕೈಚೆಲ್ಲಿದೆ. ಓರಿಯೋ ಬಿಸ್ಕತ್ತು ಬೇಜಾರಾಗುವಷ್ಟು ಸಲ ಬಂತು.

ಕನ್ನಡದ್ದು ಒಂದು ಭಾನುವಾರ ನದಿಗಳ ಮೇಲಿತ್ತು. 'ಪಶ್ಚಿಮಕ್ಕೆ ಹರಿಯುವ ನದಿ', 4 ಚೌಕ. ಕೊನೆಗೆ 'ತಿ' ಆಗಲೇ ಸಿಕ್ಕಿತ್ತು. ಹೊನ್ನಾವರ ಕಣ್ಣಮುಂದೆ ಬಂತು, ಶರಾವತಿ ಅಂತ ಬರೆದೆ. ಎರಡನೇ ಚೌಕದಿಂದ ಕೆಳಕ್ಕೆ 'ಶಕ್ತಿ', 2 ಅಕ್ಷರ. 'ರಾ' ಇಂದ ಶುರುವಾಗುವ ಶಕ್ತಿ ಯಾವುದು? ಕಾಲು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಹೊಳೆದದ್ದು 'ತ್ರಾಣ'. ನದಿ ನೇತ್ರಾವತಿ! ಅಷ್ಟರಲ್ಲಿ ನಾನೇ ನಿತ್ರಾಣ.

ಇಲ್ಲಿ ಥೀಮ್ ಸಹಾಯ ಮಾಡಲಿಲ್ಲ, ದಾರಿ ತಪ್ಪಿಸಿತು. ಹೇಮಾವತಿ, ವೇದಾವತಿ, ಅರ್ಕಾವತಿ, ಎಲ್ಲವೂ 4 ಅಕ್ಷರದವೇ. 'ವತಿ' ಸಿಕ್ಕರೂ ಏನೂ ಸಿಕ್ಕಂತಲ್ಲ. ಒಟ್ಟಿನಲ್ಲಿ ಅದು ಚೌಕದೊಳಗೆ ಕೂರಿಸಿದ ಕ್ವಿಜ್. ಪದದ ಆಟ ಕಮ್ಮಿ.

ಇಂಗ್ಲಿಷ್ ಆಟವನ್ನು ಹಾಗೇ ತರೋಕೂ ಆಗಲ್ಲ. ಅಲ್ಲಿ 'ಲಿಸನ್' ಮತ್ತು 'ಸೈಲೆಂಟ್' ಒಂದೇ ಆರು ಅಕ್ಷರಗಳ ಕಲಸುಮೇಲೋಗರ. ಕನ್ನಡದಲ್ಲಿ ಬರೆದ ತಕ್ಷಣ ಆ ನಂಟು ಮಾಯ. ಆದರೆ ಪದ ತಿರುಗಿಸುವುದರಲ್ಲಿ ನಮ್ಮ ಗುಣಿತಾಕ್ಷರಗಳದ್ದೇ ಬೇರೆ ಮಜಾ. ಸ್ವರ ವ್ಯಂಜನದ ಜೊತೆಗೇ ಅಂಟಿಕೊಂಡು ಹಿಂದಕ್ಕೆ ಹೋಗುತ್ತದೆ. ಬೇಡನೊಬ್ಬ ಜಪಿಸಿದ 'ಮರಾ ಮರಾ' ಹಾಗೇ 'ರಾಮ ರಾಮ' ಆದ ಕಥೆ ಗೊತ್ತಿದ್ದವರಿಗೆ ಇದೇನು ಹೊಸದಲ್ಲ. 'ಸದಾ' ತಿರುಗಿದರೆ 'ದಾಸ'.

ಥೀಮ್‌ಗೆ ನನ್ನ ಓಟು ಟೈಮ್ಸ್‌ನ ಗುರುವಾರಕ್ಕೇ. ಆದರೂ ಚಂದಾ ಮುಗಿದ ಮೇಲೆ ಮತ್ತೆ ಕಟ್ಟಿಲ್ಲ. ಪೆನ್ಸಿಲ್ ಕೂಡ ಬಿಟ್ಟಿಲ್ಲ. ಆ ನದಿಗಳ ಪದಬಂಧದಲ್ಲಿ 'ಹೊರಳಿದ ದಿನ ಹರಿಯುತ್ತಿದೆ, 2 ಅಕ್ಷರ' ಅಂತ ಒಂದೇ ಒಂದು ಸುಳಿವು ಇದ್ದಿದ್ದರೆ, ಶರಾವತಿಯ ಸಿಟ್ಟನ್ನು ಅವತ್ತೇ ಮರೆಯುತ್ತಿದ್ದೆ.