ಗುರುಗಳ ಮನೆ, ಪರೀಕ್ಷೆ ಕ್ಲಾಸ್, ಆನ್‌ಲೈನ್ ಪಾಠ: ಮೂರೂ ಕಡೆ ಹಾಡಿ ಕಲಿತ ಮೇಲೆ

ಹಾಸನದಲ್ಲೇ ಇದ್ದುಕೊಂಡು ಕರ್ನಾಟಕ ಸಂಗೀತದಲ್ಲಿ ಕಚೇರಿ ಮಾಡುವ ಮಟ್ಟಕ್ಕೆ ಬರಬೇಕು ಅನ್ನುವವರು ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳುತ್ತಲೇ ಇರುತ್ತಾರೆ. ಮೂರನ್ನೂ ಮಾಡಿದ್ದೇನೆ. ನನ್ನ ಮತ ಗುರುಗಳ ಮನೆಗೇ.

ಪರೀಕ್ಷೆ ಕ್ಲಾಸಿನಿಂದ ಶಿಸ್ತು ಬರುತ್ತದೆ. ಜೂನಿಯರ್, ಸೀನಿಯರ್, ವಿದ್ವತ್ ಅಂತ ಮೆಟ್ಟಿಲು ಹತ್ತುವಾಗ 72 ಮೇಳ (ಮೂಲ ರಾಗಗಳು), 35 ತಾಳ, ಸ್ವರಲಿಪಿ ಎಲ್ಲ ತಲೆಗೆ ಹತ್ತುತ್ತವೆ. ಶಾಲೆಯಲ್ಲಿ ಸಂಗೀತ ಮೇಷ್ಟ್ರಾಗಬೇಕು ಅಂದರೆ ಸರ್ಟಿಫಿಕೇಟೂ ಬೇಕು. ಆದರೆ ಗುಂಪಿನಲ್ಲಿ ಹಾಡುವಾಗ ಶ್ರುತಿ ತಪ್ಪಿದವರ ದನಿ ಅಲ್ಲೇ ಮುಚ್ಚಿಹೋಗುತ್ತದೆ.

ಗುರುಗಳ ಎದುರು ಅದು ಮುಚ್ಚುವುದಿಲ್ಲ. ಭೈರವಿ ರಾಗದ, ಅಟ್ಟತಾಳದ ವರ್ಣವನ್ನೇ (ಅಭ್ಯಾಸಕ್ಕೂ ಕಚೇರಿಯ ಶುರುವಿಗೂ ಹಾಡುವ ರಚನೆ) ತಗೊಳ್ಳಿ. ಸ್ವರ ಹತ್ತುವಾಗ ಎತ್ತರದ ‘ದ’, ಅಂದರೆ ಚತುಶ್ರುತಿ ಧೈವತ, ಇಳಿಯುವಾಗ ತಗ್ಗಿನ ‘ದ’, ಅಂದರೆ ಶುದ್ಧ ಧೈವತ ಅಂತ ಪುಸ್ತಕದಲ್ಲಿ ಒಂದೇ ಸಾಲು. ಹಾಡುವಾಗ ಆ ಇಳಿಕೆಯ ಧೈವತ ಒಂದು ಕೂದಲೆಳೆ ಮೇಲಾದರೂ ನಮ್ಮ ಗುರುಗಳು ತೊಡೆಯ ಮೇಲಿನ ತಾಳ ನಿಲ್ಲಿಸುತ್ತಿದ್ದರು. ಬೈಗುಳವಿಲ್ಲ, ವಿವರಣೆಯಿಲ್ಲ, ತಾವೇ ಒಮ್ಮೆ ಹಾಡಿ, ‘ಮತ್ತೆ’ ಅನ್ನುತ್ತಿದ್ದರು. ಪಾಠವೆಲ್ಲ ಆ ಒಂದು ಸಾಲನ್ನು ತಿದ್ದುವುದರಲ್ಲೇ ಮುಗಿದದ್ದುಂಟು. ತಂಬೂರಿ ಶ್ರುತಿ ಕೂಡಿಸುವುದನ್ನೂ ಅಲ್ಲೇ ಕಲಿತೆ: ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿಡುವ ಜೀವಾಳದ ದಾರವನ್ನು ತುಸುತುಸುವೇ ಸರಿಸುತ್ತಾ, ತಂತಿ ಝೇಂಕರಿಸುವ ಜಾಗ ಕಿವಿಗೆ ಸಿಗುವವರೆಗೆ. ನಮ್ಮ ಜಿಲ್ಲೆಯ ರುದ್ರಪಟ್ಟಣದವರಾದ ಗಾಯಕ ಆರ್.ಕೆ. ಶ್ರೀಕಂಠನ್ ಕೂಡ ತಮ್ಮ ಅಣ್ಣ, ಪಿಟೀಲು ವಿದ್ವಾಂಸ ವೆಂಕಟರಾಮಾಶಾಸ್ತ್ರಿಗಳ ಬಳಿಯೇ ಕಲಿತವರು. ಹೀಗೆ ಜೊತೆಯಲ್ಲಿದ್ದು ಕಲಿತ ವಿದ್ಯೆಯ ಬೆಲೆ ಹಾಡುವಾಗಲೇ ಗೊತ್ತಾಗುವುದು.

ಆನ್‌ಲೈನ್ ಪಾಠದಲ್ಲಿ ಬೆಂಗಳೂರಿನ ವಿದ್ವಾಂಸರು ಮನೆಗೇ ಸಿಗುತ್ತಾರೆ, ಅದು ಸಣ್ಣ ಮಾತಲ್ಲ. ರಾಗಂ-ತಾನಂ-ಪಲ್ಲವಿಯ (ಒಂದೇ ರಾಗವನ್ನು, ಒಂದು ಸಾಲನ್ನು ವಿಸ್ತರಿಸಿ ಹಾಡುವ ಕಚೇರಿಯ ದೊಡ್ಡ ಭಾಗ) ತಾಳದ ಲೆಕ್ಕಾಚಾರ ನನಗೆ ಬಿಡಿಸಿಕೊಂಡದ್ದು ಅಲ್ಲೇ. ಆದರೆ ದನಿ ತಡವಾಗಿ ತಲುಪುವುದರಿಂದ ಒಟ್ಟಿಗೆ ಹಾಡಲಾಗದು. ಝೂಮ್‌ನಲ್ಲಿ ಇನ್ನೊಂದು ತೊಂದರೆ: ಒಂದೇ ಸಮನೆ ನುಡಿಯುವ ತಂಬೂರಿಯನ್ನು ಅದು ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. ಪಾಠಕ್ಕೆ ಮೊದಲು ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ವರ್ಣಗಳು ಗಟ್ಟಿಯಾದ ಮೇಲೆ ಈ ದಾರಿ ಹಿಡಿಯಿರಿ. ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ, ಕಲಿಯುವ ಮಕ್ಕಳಿಗೆ ಬೇಡವೇ ಬೇಡ.

ಮೂರೂ ಕಡೆ ನನಗೆ ಸಿಗದಿದ್ದದ್ದು ಪಕ್ಕವಾದ್ಯದ ಅಭ್ಯಾಸ. ಮೃದಂಗ ಕಲಿಯುತ್ತಿರುವ ನಿಮ್ಮ ವಯಸ್ಸಿನವರನ್ನೇ ಹುಡುಕಿ, ವಾರಕ್ಕೊಮ್ಮೆ ಜೊತೆ ಕೂತು ಸ್ವರ ಹಾಕಿ, ಅಂದರೆ ಆಗಲೇ ಸ್ವರ ಕಟ್ಟಿ ಹಾಡಿ. ಅವರಿಗೂ ಹಾಡುವವರು ಬೇಕಾಗಿರುತ್ತಾರೆ.