ಸಿಗ್ನಲ್‌ನಲ್ಲಿ ನಡುಗುವ ಕಾರು: ಸ್ಕ್ಯಾನರ್, ಫೋನ್, ಮೇಸ್ತ್ರಿ ಕಣ್ಣು

ಮೈಸೂರಿನ ಬನ್ನಿಮಂಟಪದ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತರೆ ಸಾಕು, ನಮ್ಮ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಗಡಗಡ ನಡುಗುತ್ತಿದ್ದ. ಹನ್ನೊಂದು ವರ್ಷದ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ನಿಂತಲ್ಲೇ ನಡುಗುತ್ತಿದ್ದುದರಿಂದ ಟೈರನ್ನು ದೂರುವ ಹಾಗಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಸರಿಯಾಗಿ ನೋಡದೆಯೇ ಪ್ಲಗ್ ಬದಲಾಯಿಸಿದರು. ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ಸರಿ, ನಾನೇ ಹುಡುಕೋಣ ಅಂತ ಕೂತೆ.

ಮೊದಲು 800 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್. ಕಾರಿಗೆ ಚುಚ್ಚಿದರೆ ಅದರ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುತ್ತದೆ. ಒಂದು ಸಿಲಿಂಡರ್ ಸರಿಯಾಗಿ ಫೈರ್ ಆಗದೆ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಪಿ0301ರಿಂದ ಪಿ0304ರವರೆಗಿನ ಒಂದು ಕೋಡ್ ಬರಬೇಕು. ಕೊನೆಯ ಅಂಕೆಯೇ ಸಿಲಿಂಡರ್ ನಂಬರ್. ನನಗೆ ಒಂದೂ ಬರಲಿಲ್ಲ. ಸ್ಕ್ಯಾನರ್‌ಗೆ ಗೊತ್ತಾಗುವುದು ಸೆನ್ಸರ್ ಹೇಳಿದ್ದು ಮಾತ್ರ. ಇಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಹರಿದಿದ್ದರೆ ಅದನ್ನು ಹೇಳಲು ಸೆನ್ಸರ್ ಎಲ್ಲಿದೆ? ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ನಿಂತಾಗಿನ ವೇಗ) 780 ಆರ್‌ಪಿಎಂ, ಅಂದರೆ ನಿಮಿಷಕ್ಕೆ 780 ಸುತ್ತು ಅಂತ ತೋರಿಸಿತು, ಅಷ್ಟೇ ಲಾಭ.

ಆಮೇಲೆ ಫೋನಿನಲ್ಲಿ ಕಂಪನ ಅಳೆಯುವ ಆಪ್, ಪುಕ್ಕಟೆ. ಕೈಯಲ್ಲಿ ಹಿಡಿದರೆ ಸುಳ್ಳು ಹೇಳುತ್ತದೆ. ಸೀಟಿನ ರೈಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆ. ಗ್ರಾಫ್ ಚೂಪಾಗಿ ಎದ್ದದ್ದು 26 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 26 ಅದುರು. 780ನ್ನು 60ರಿಂದ ಭಾಗಿಸಿದರೆ ಸೆಕೆಂಡಿಗೆ 13 ಸುತ್ತು. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿನಲ್ಲಿ ಎರಡು ಸಲ ಫೈರ್ ಆಗುತ್ತದೆ, ಅಲ್ಲಿಗೆ 26. ಒಂದು ಸಿಲಿಂಡರ್ ಸತ್ತಿದ್ದರೆ ಎರಡು ಸುತ್ತಿಗೊಮ್ಮೆ ಕುಂಟಬೇಕು, 6.5ರ ಹತ್ತಿರ ಇನ್ನೊಂದು ಗೆರೆ ಏಳಬೇಕು. ಏಳಲಿಲ್ಲ. ಅಂದರೆ ಇಂಜಿನ್ನಿನ ಮಾಮೂಲಿ ಅದುರಾಟವೇ ಮೌಂಟಿಂಗ್ ದಾಟಿ ಕಾರಿನ ಬಾಡಿಯೊಳಕ್ಕೆ ಜಾಸ್ತಿ ಬರುತ್ತಿದೆ ಅಂತ ಆಯಿತು. ನಿಜ ಹೇಳಬೇಕೆಂದರೆ ಮೂರರಲ್ಲಿ ನನಗೆ ಖುಷಿ ಕೊಟ್ಟದ್ದು ಇದೇ. ಆದರೆ ಯಾವ ಮೌಂಟಿಂಗ್ ಅಂತ ಕೇಳಿದರೆ ಆಪ್‌ಗೆ ಬಾಯಿಲ್ಲ.

ಕೊನೆಗೆ ಮೇಟಗಳ್ಳಿ ಕಡೆಯ ಒಬ್ಬ ಮೇಸ್ತ್ರಿ. ಇಂಜಿನ್ ಓಡುತ್ತಿರುವಾಗಲೇ ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ಗಳ ಕನೆಕ್ಟರನ್ನು ಒಂದೊಂದೇ ಬಿಚ್ಚಿ ಮತ್ತೆ ಹಾಕಿದರು. ಬಿಚ್ಚಿದಾಗಲೆಲ್ಲ ಇಂಜಿನ್ ಕುಗ್ಗಿತು, ಅಂದರೆ ನಾಲ್ಕೂ ಕೆಲಸ ಮಾಡುತ್ತಿವೆ. (ಜಾಸ್ತಿ ಹೊತ್ತು ಬಿಚ್ಚಿಡಬಾರದು, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.) "ಇಂಜಿನ್ ಚೆನ್ನಾಗೇ ಇದೆ ಸಾರ್, ಕೂತಿರೋ ಜಾಗನೇ ಸರಿ ಇಲ್ಲ" ಅಂದರು. ನನ್ನನ್ನು ಸೀಟಿಗೆ ಕೂರಿಸಿ, ಎರಡೂ ಬ್ರೇಕ್ ಹಿಡಿಸಿ, ಫಸ್ಟ್ ಗೇರಿನಲ್ಲಿ ಕ್ಲಚ್ ಚೂರೇ ಚೂರು ಬಿಡಿಸಿದರು. ಆಮೇಲೆ ರಿವರ್ಸ್. ತಾವು ಕಾರಿನ ಮುಂದೆ ನಿಲ್ಲದೆ ಪಕ್ಕದಿಂದ ಬಾನೆಟ್ ಒಳಗೆ ಬಗ್ಗಿದ್ದರು. ಇಂಜಿನ್ ಎರಡು ಬೆರಳಷ್ಟು ಎದ್ದು ಟಕ್ ಅಂತ ಕೂತಿತು. ಬಲಗಡೆ ಮೌಂಟಿಂಗ್. ರಬ್ಬರ್ ಸೀಳಿ, ಒಳಗಿನ ಎಣ್ಣೆ ಸೋರಿ ಕಪ್ಪು ಕಲೆಯಾಗಿತ್ತು. ನನ್ನ ಎರಡು ಭಾನುವಾರದ ಕೆಲಸ ಐದು ನಿಮಿಷದಲ್ಲಿ ಮುಗಿಯಿತು.

ಚೆಕ್ ಇಂಜಿನ್ ದೀಪ ಉರಿಯುತ್ತಿದ್ದರೆ ನಾನು ಈಗಲೂ ಸ್ಕ್ಯಾನರನ್ನೇ ಮೊದಲು ಚುಚ್ಚುತ್ತೇನೆ. ದೀಪವಿಲ್ಲದೆ ನಿಂತಲ್ಲೇ ನಡುಗಿದರೆ ಸೀದಾ ಈ ಬ್ರೇಕ್ ಪರೀಕ್ಷೆ. ಆಪ್ ಸುಮ್ನೆ ಕುತೂಹಲಕ್ಕೆ.

ಮೌಂಟಿಂಗ್ ಹಾಕಿಸಿಕೊಂಡು ಹೊರಟೆ. ಗಣಪತಿ ಗಟ್ಟಿಯಾಗಿ ಕೂತಿದ್ದ. ಆದರೆ ಕಾಯಿಲ್ ಬಿಚ್ಚಿದ್ದಕ್ಕೆ ಚೆಕ್ ಇಂಜಿನ್ ದೀಪ ಹತ್ತಿಕೊಂಡಿತ್ತು. ಅದನ್ನು ಅಳಿಸಲು ಆ 800 ರೂಪಾಯಿಯ ಸ್ಕ್ಯಾನರೇ ಬೇಕಾಯಿತು.