ತಪ್ಪುವ ಎದೆಬಡಿತಕ್ಕೆ ವಾಚೋ, ಹೋಲ್ಟರೋ, ಜೇಬಿನ ಇಸಿಜಿಯೋ?

ನಡುನಡುವೆ ಎದೆಬಡಿತ ತಪ್ಪಿದಂತಾಗಿ, ಮರುಕ್ಷಣವೇ ಧಡಕ್ಕೆಂದು ಒಂದು ದೊಡ್ಡ ಬಡಿತ ಬೀಳುವ ಅನುಭವವಿರುವ, ಇನ್ನೂ ಮೂವತ್ತು ದಾಟದ ಯಾರಾದರೂ ಮನೆಯಲ್ಲಿ ಒಂದು ಉಪಕರಣ ಇಟ್ಟುಕೊಳ್ಳಬೇಕೆಂದು ಯೋಚಿಸುತ್ತಿದ್ದರೆ, ಎರಡೂ ಕೈಗಳ ಬೆರಳಿಟ್ಟು ಮೂವತ್ತು ಸೆಕೆಂಡು ದಾಖಲಿಸುವ ಜೇಬಿನ ಗಾತ್ರದ ಇಸಿಜಿ ಪಟ್ಟಿಯನ್ನೇ ಕೊಳ್ಳಿರೆಂದು ನಾನು ಹೇಳುತ್ತೇನೆ. ಅದರ ಮೂರು ಪಟ್ಟು ಬೆಲೆಯ ಇಸಿಜಿ ವಾಚು ಕೈಯಲ್ಲಿದ್ದೂ, ಇಡೀ ದಿನ ಮೈಗೆ ಅಂಟಿಸಿಕೊಂಡು ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡಿಸಿಕೊಂಡೂ, ನನಗೆ ದಿನನಿತ್ಯದ ಬಳಕೆಗೆ ಒದಗಿದ್ದು ಆ ಚಿಕ್ಕ ಪಟ್ಟಿಯೊಂದೇ. ಆದರೆ ಆಸ್ಪತ್ರೆಯಲ್ಲಿ ಒಮ್ಮೆ ಸರಿಯಾದ ತಪಾಸಣೆ ಮುಗಿಸಿಕೊಂಡವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ.

ನನಗಿರುವುದು ವೈದ್ಯರು ಎಕ್ಟೋಪಿಕ್ ಎನ್ನುವ, ಅವಧಿಗೆ ಮುನ್ನ ಬೀಳುವ ಬಡಿತಗಳು. ಹೃದಯದ ಬಲ ಮೇಲ್ಕೋಣೆಯಾದ ಹೃತ್ಕರ್ಣದಲ್ಲಿರುವ ಸೈನಸ್ ಗಂಟಿನಿಂದ ಹೊರಡುವ ಸಂಕೇತಕ್ಕೆ ಕಾಯದೆ ಕೆಳಕೋಣೆಯಾದ ಹೃತ್ಕುಕ್ಷಿಯ ಯಾವುದೋ ಒಂದು ತಾಣ ತಾನಾಗಿಯೇ ಮಿಡಿದುಬಿಡುತ್ತದೆ. ಆ ಹೊತ್ತಿಗೆ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲವಾದ್ದರಿಂದ ಆ ಬಡಿತ ದುರ್ಬಲವಾಗಿರುತ್ತದೆ; ಅದರ ಬೆನ್ನಿಗೇ ಒಂದು ವಿರಾಮ ಬರುತ್ತದೆ; ವಿರಾಮದಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಎದೆಯನ್ನು ಗುದ್ದುವಷ್ಟು ಜೋರಾಗಿರುತ್ತದೆ. ತಪ್ಪಿತು ಎಂದು ನಮಗನಿಸುವ ಬಡಿತ ನಿಜವಾಗಿ ಬೇಗ ಬಂದು ಹೋಗಿರುತ್ತದೆ. ಆ ಬೇಗ ಬಂದ ಬಡಿತ ದುರ್ಬಲವಾಗಿರುತ್ತದೆ ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ವಾಚಿನ ಎಲ್ಲ ತಕರಾರೂ ಅಲ್ಲಿಂದಲೇ ಹುಟ್ಟುತ್ತದೆ.

ಮೊದಲು ಆಸ್ಪತ್ರೆಯ ಇಸಿಜಿ. ಹತ್ತು ಎಲೆಕ್ಟ್ರೋಡು ಅಂಟಿಸಿ ಹನ್ನೆರಡು ಕೋನಗಳಿಂದ ಹೃದಯವನ್ನು ನೋಡುವ ಈ ಪರೀಕ್ಷೆ ಸಾಮಾನ್ಯವಾಗಿ ಹತ್ತೇ ಸೆಕೆಂಡಿನ ದಾಖಲೆ ಕೊಡುತ್ತದೆ, ಆ ಹತ್ತು ಸೆಕೆಂಡಿನಲ್ಲಿ ನಮ್ಮ ಬಡಿತ ಖಂಡಿತ ಸಭ್ಯವಾಗಿಯೇ ಇರುತ್ತದೆ. ಆದರೂ ಇದನ್ನು ಬಿಡುವಂತಿಲ್ಲ. ಎಳೆಯ ವಯಸ್ಸಿನಲ್ಲಿ ನಿಜಕ್ಕೂ ಅಪಾಯ ತರಬಲ್ಲ, ಪ್ರತಿ ಬಡಿತದ ಬಳಿಕ ಹೃದಯ ಮರುಸಜ್ಜಾಗುವುದು ತಡವಾಗುವ ಕ್ಯೂಟಿ ಅಂತರದ ಹಿಗ್ಗುವಿಕೆ, ಡಬ್ಲ್ಯೂಪಿಡಬ್ಲ್ಯೂ ಎಂಬ ಅಡ್ಡದಾರಿಯ ವಿದ್ಯುತ್ ಸಂಪರ್ಕ, ಹೃದಯ ಸ್ನಾಯುವಿನ ಅಸಹಜ ದಪ್ಪ, ಇವುಗಳ ಸುಳಿವು ಬಡಿತ ತಪ್ಪದ ಹೊತ್ತಿನ ಇಸಿಜಿಯಲ್ಲೂ ಸಿಗಬಹುದು, ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಉಳಿದದ್ದನ್ನು ಹೇಳುತ್ತದೆ. ಜೊತೆಗೆ ಥೈರಾಯ್ಡು, ಹಿಮೋಗ್ಲೋಬಿನ್ ಮತ್ತು ಪೊಟ್ಯಾಸಿಯಂ ನೋಡಿಸಿದರೆ ತಪಾಸಣೆ ಬಹುಮಟ್ಟಿಗೆ ಮುಗಿಯುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ, 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗಲೂ ನಮ್ಮ ವಯಸ್ಸಿನವರು ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದು ಎಲ್ಲರಿಗೂ ಗೊತ್ತಿದೆ. ಆ ಭಯ ಮುಖ್ಯವಾಗಿ ರಕ್ತನಾಳ ಕಟ್ಟಿಕೊಳ್ಳುವ ಹೃದಯಾಘಾತದ್ದು. ಎಕೋ, ಇಸಿಜಿ ಎರಡೂ ಸರಿಯಿರುವ ಹೃದಯದಲ್ಲಿ ಅಲ್ಲೊಂದು ಇಲ್ಲೊಂದು ಬೀಳುವ ಎಕ್ಟೋಪಿಕ್ ಬೇರೆಯದೇ ವಿಷಯ, ಮತ್ತು ಇಲ್ಲಿ ನಾನು ಹೋಲಿಸುತ್ತಿರುವ ವಾಚು, ಹೋಲ್ಟರ್, ಪಟ್ಟಿ ಯಾವುದೂ ಹೃದಯಾಘಾತವನ್ನು ಪತ್ತೆ ಹಚ್ಚಲು ಮಾಡಿದ್ದಲ್ಲ.

ಇನ್ನು ಹೋಲ್ಟರ್. ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಮಾಡಿದ ಮೊದಲ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು, ತೂಕ ಸುಮಾರು 38 ಕಿಲೋ. ಈಗಿನದು ಅಂಗಿಯೊಳಗೆ ಅಡಗುತ್ತದೆ. ನನಗೆ ಅದಕ್ಕೆ ಎರಡೂವರೆ ಸಾವಿರ ರೂಪಾಯಿ ಆಯಿತು. ಇಪ್ಪತ್ತನಾಲ್ಕು ಗಂಟೆ ಸ್ನಾನವಿಲ್ಲ, ಮಂಗಳೂರಿನ ಸೆಕೆಯಲ್ಲಿ ಬೆವರಿಗೆ ಎಲೆಕ್ಟ್ರೋಡಿನ ಅಂಚುಗಳು ಏಳುತ್ತಲೇ ಇರುತ್ತವೆ, ಮೇಲೆ ಅಂಟಿಸಿದ ಟೇಪಿನ ಕೆಳಗೆ ಚರ್ಮ ಕೆಂಪಾಗಿ ತುರಿಸುತ್ತದೆ. ಇಷ್ಟಾದರೂ ಹೋಲ್ಟರ್ ಕೊಡುವ ಒಂದು ಸಂಖ್ಯೆಯನ್ನು ನಾನು ಬಳಸಿದ ಬೇರೆ ಯಾವುದೂ ಕೊಡಲಾರದು: ದಿನದ ಒಟ್ಟು ಬಡಿತಗಳಲ್ಲಿ ಎಕ್ಟೋಪಿಕ್‌ಗಳ ಪಾಲು. ನಿಮಿಷಕ್ಕೆ ಎಪ್ಪತ್ತರಂತೆ ಹಿಡಿದರೆ ಹೃದಯ ದಿನಕ್ಕೆ ಒಂದು ಲಕ್ಷದ ಆಸುಪಾಸು ಬಡಿಯುತ್ತದೆ; ಹೃತ್ಕುಕ್ಷಿಯಿಂದ ಹುಟ್ಟುವ ಎಕ್ಟೋಪಿಕ್‌ಗಳು ಅದರಲ್ಲಿ ಶೇಕಡಾ ಹತ್ತನ್ನು ಮೀರಿದರೆ, ಅಂದರೆ ದಿನಕ್ಕೆ ಹತ್ತು ಸಾವಿರ ದಾಟಿದರೆ, ಕಾಲಕ್ರಮೇಣ ಹೃದಯದ ಸ್ನಾಯು ಬಲಗುಂದಬಹುದೆಂದು ವೈದ್ಯರು ನಿಗಾ ಹೆಚ್ಚಿಸುತ್ತಾರೆ. ನನ್ನ ವರದಿಯಲ್ಲಿ ಅದು ಶೇಕಡಾ ಒಂದನ್ನೂ ಮುಟ್ಟಿರಲಿಲ್ಲ. ಇಡೀ ಜಗತ್ತೇ ಅಲುಗಾಡಿದಂತೆ ಅನಿಸುತ್ತಿದ್ದ ಬಡಿತಗಳು ಅಂಕಿಯಲ್ಲಿ ಅಷ್ಟೇ ಎಂಬುದನ್ನು ಕಂಡಾಗ ಆದ ಸಮಾಧಾನಕ್ಕೆ ಆ ಹಣ ದುಬಾರಿಯಲ್ಲ. ಹೋಲ್ಟರಿನ ಕೊರತೆಯೆಂದರೆ ಅದು ಒಂದು ದಿನದ ಕಥೆ ಮಾತ್ರ ಹೇಳುತ್ತದೆ; ಎಕ್ಟೋಪಿಕ್‌ಗಳು ಒಂದು ದಿನ ಬಂದಂತೆ ಇನ್ನೊಂದು ದಿನ ಬರುವುದಿಲ್ಲ.

ಈಗ ವಾಚಿನ ವಿಷಯ. ಕಂಪನಿ ಕೊಡುವ ಆರೋಗ್ಯ ಭತ್ಯೆಯ ಜೊತೆಗೆ ಕೈಯಿಂದಲೂ ಒಂದಿಷ್ಟು ಹಾಕಿ ಕೊಂಡ ಇಪ್ಪತ್ತೆಂಟು ಸಾವಿರದ ವಾಚು ಅದು. ನೋಡಲು ಚೆನ್ನಾಗಿದೆ, ಹೆಜ್ಜೆ ಎಣಿಸುವುದಕ್ಕೂ ಅಡ್ಡಿಯಿಲ್ಲ. ಬಡಿತ ತಪ್ಪುವವರ ಕೈಯಲ್ಲಿ ಮಾತ್ರ ಅದೊಂದು ಉಪದ್ರವ.

ವಾಚು ಹಗಲೂ ರಾತ್ರಿ ಲೆಕ್ಕ ಹಾಕುವುದು ಹೃದಯದ ಬಡಿತವನ್ನಲ್ಲ, ಮಣಿಕಟ್ಟಿಗೆ ತಲುಪುವ ನಾಡಿಯನ್ನು. ಅದರ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಅಳೆಯುತ್ತದೆ. ಮೇಲೆ ಹೇಳಿದಂತೆ ಎಕ್ಟೋಪಿಕ್ ಬಡಿತದಲ್ಲಿ ಹೃದಯ ಅರೆಬರೆ ತುಂಬಿರುವುದರಿಂದ, ಅದು ತಳ್ಳುವ ರಕ್ತ ಎಷ್ಟೋ ಸಲ ಮಣಿಕಟ್ಟಿನಲ್ಲಿ ನಾಡಿಯಾಗಿ ಮೂಡುವಷ್ಟು ಬಲವುಳ್ಳದ್ದಾಗಿರುವುದಿಲ್ಲ. ಹೃದಯ ಬಡಿದಿದೆ, ವಾಚಿಗೆ ಗೊತ್ತಾಗಿಲ್ಲ. ನನಗೆ ಮಲಗಿದಾಗ, ಸೈನಸ್ ಬಡಿತ ನಿಧಾನವಾದ ಹೊತ್ತಿನಲ್ಲಿ, ಒಂದು ಸಹಜ ಬಡಿತ, ಒಂದು ಎಕ್ಟೋಪಿಕ್, ಮತ್ತೊಂದು ಸಹಜ ಬಡಿತ, ಮತ್ತೊಂದು ಎಕ್ಟೋಪಿಕ್ ಎಂಬ ಜೋಡಿ ಲಯ ಒಮ್ಮೊಮ್ಮೆ ಕೆಲವು ನಿಮಿಷ ನಡೆಯುವುದುಂಟು. ಆಗ ಹೃದಯ ನಿಮಿಷಕ್ಕೆ ಎಪ್ಪತ್ತು ಬಡಿದರೂ ವಾಚು ಎಣಿಸುವುದು ಮೂವತ್ತೈದು. ನಲವತ್ತಕ್ಕಿಂತ ಕೆಳಗಿಳಿದಿದೆ ಎಂದು ಅದು ಕೈಯನ್ನು ನಡುಗಿಸಿ ಎಬ್ಬಿಸುತ್ತದೆ.

ನಡುರಾತ್ರಿ ನಿಮ್ಮ ಹೃದಯಬಡಿತ ಮೂವತ್ತೈದಕ್ಕೆ ಇಳಿದಿದೆ ಎಂಬ ಸಂದೇಶವನ್ನು ಓದಿದ ಮನುಷ್ಯನ ಹೃದಯ ಏನು ಮಾಡುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಅಡ್ರಿನಲಿನ್ ಏರುತ್ತದೆ, ಬಡಿತ ಡವಡವ ಎಂದು ನೂರು ದಾಟುತ್ತದೆ, ಸ್ವಲ್ಪ ಹೊತ್ತಿಗೇ ವಾಚು ಇನ್ನೊಂದು ಸಂದೇಶ ಕಳಿಸುತ್ತದೆ: ನೀವು ವಿಶ್ರಾಂತಿಯಲ್ಲಿರುವಾಗಲೂ ಬಡಿತ ಹೆಚ್ಚಾಗಿದೆ. ಸರಿ, ಇಸಿಜಿಯನ್ನೇ ತೆಗೆದು ನೋಡೋಣವೆಂದು ಇನ್ನೊಂದು ಕೈಯ ಬೆರಳನ್ನು ಗುಂಡಿಯ ಮೇಲಿಟ್ಟು ಮೂವತ್ತು ಸೆಕೆಂಡು ಉಸಿರು ಬಿಗಿಹಿಡಿದರೆ, ಬರುವ ಫಲಿತಾಂಶ ಒಂದೋ ಸೈನಸ್ ರಿದಮ್ (ಸಹಜ ಲಯ), ಇಲ್ಲವೇ ತೀರ್ಮಾನಿಸಲಾಗದು. ವಾಚಿನ ಇಸಿಜಿಯ ಸ್ವಯಂ ವಿಶ್ಲೇಷಣೆ ಮುಖ್ಯವಾಗಿ ಹುಡುಕುವುದು ಹೃತ್ಕರ್ಣದ ಕಂಪನವನ್ನು, ಅಂದರೆ ವಯಸ್ಸಾದಂತೆ ಹೆಚ್ಚುವ ಏಟ್ರಿಯಲ್ ಫಿಬ್ರಿಲೇಶನ್ ಅನ್ನು. ಪ್ರಮುಖ ಕಂಪನಿಗಳ ಇಸಿಜಿ ಆ್ಯಪ್‌ಗಳು 22 ವರ್ಷ ತುಂಬದವರಿಗೆ ಉದ್ದೇಶಿತವೇ ಅಲ್ಲ. ಇಪ್ಪತ್ತರ ಹರೆಯದ ಹುಡುಗ ಹುಡುಗಿಯರಲ್ಲೂ ಸಾಮಾನ್ಯವಾಗಿ ಕಾಣುವ ಎಕ್ಟೋಪಿಕ್‌ಗೆ ನನ್ನ ವಾಚಿನ ಫಲಿತಾಂಶದ ಪಟ್ಟಿಯಲ್ಲಿ ಹೆಸರೇ ಇಲ್ಲ.

ಎಚ್ಚರಿಕೆಗಳನ್ನು ಆಫ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಿದೆ. ಆಮೇಲೆ ಕಣ್ಣು ತಾನಾಗಿಯೇ ಪರದೆಯ ಮೇಲಿನ ಅಂಕಿಯತ್ತ ಹೋಗತೊಡಗಿತು. ಮೀಟಿಂಗಿನಲ್ಲಿ, ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ. ಗಮನ ಕೊಟ್ಟಷ್ಟೂ ಬಡಿತಗಳು ಹೆಚ್ಚು ಅರಿವಿಗೆ ಬರುತ್ತವೆ, ಅರಿವಿಗೆ ಬಂದಷ್ಟೂ ಕಳವಳ ಹೆಚ್ಚುತ್ತದೆ, ಕಳವಳವೇ ಎಕ್ಟೋಪಿಕ್‌ಗೆ ಒಂದು ಪ್ರಚೋದಕ. ಆತಂಕದ ಸ್ವಭಾವವಿಲ್ಲದವರಿಗೆ ಇದು ತೊಂದರೆಯೇ ಆಗದಿರಬಹುದು. ನನಗೆ ಆ ಸ್ವಭಾವವಿದೆ, ಈ ತೀರ್ಪು ಅದನ್ನು ಲೆಕ್ಕಕ್ಕೆ ಹಿಡಿದೇ ಬರೆದದ್ದು. ವಾಚು ಈಗ ತಂಗಿಯ ಕೈಯಲ್ಲಿದೆ, ಅವಳಿಗೆ ಹೆಜ್ಜೆಗಳಷ್ಟೇ ಬೇಕು.

ಜೇಬಿನ ಪಟ್ಟಿಗೆ ಒಂಬತ್ತು ಸಾವಿರ ರೂಪಾಯಿಯ ಒಳಗೇ ಆಯಿತು. ತಂತ್ರದ ದೃಷ್ಟಿಯಿಂದ ಅದು ವಾಚಿಗಿಂತ ಮೇಲಲ್ಲ. ಎರಡೂ ಕೊಡುವುದು ಆಸ್ಪತ್ರೆಯ ಇಸಿಜಿಯ ಹನ್ನೆರಡು ಕೋನಗಳಲ್ಲಿ ಒಂದಾದ, ಎಡಗೈ ಬಲಗೈಗಳ ನಡುವಿನ ಒಂದನೇ ಲೀಡ್ ಅನ್ನೇ. ಇಸಿಜಿಗಾಗಿ 1924ರಲ್ಲಿ ನೊಬೆಲ್ ಪಡೆದ ಡಚ್ ವಿಜ್ಞಾನಿ ಐಂತೋವನ್, ರೋಗಿಗಳ ಕೈಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸಿ ದಾಖಲಿಸುತ್ತಿದ್ದುದೂ ಇದನ್ನೇ. ಪಟ್ಟಿ ಗೆಲ್ಲುವುದು ಅದು ಸುಮ್ಮನಿರುವುದರಿಂದ. ಚೀಲದ ಒಳಜೇಬಿನಲ್ಲಿ ಬಿದ್ದಿರುತ್ತದೆ, ತಾನಾಗಿ ಏನನ್ನೂ ಹೇಳುವುದಿಲ್ಲ, ಕರೆದಾಗ ಮಾತ್ರ ಕೆಲಸ ಮಾಡುತ್ತದೆ. ಎದೆಯಲ್ಲಿ ಬಡಿತ ಹೊರಳಿದ ಹೊತ್ತಿನಲ್ಲೇ ಬೆರಳಿಟ್ಟರೆ ಬೇಗ ಬಿದ್ದ ಅಗಲವಾದ ಅಲೆ, ಅದರ ನಂತರದ ವಿರಾಮ, ಮತ್ತೆ ಸಹಜ ಲಯ, ಮೂರೂ ಬರಿಗಣ್ಣಿಗೆ ಕಾಣುವಂತೆ ಫೋನಿನ ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಉಳಿಯುತ್ತವೆ. ವೈದ್ಯರು ಅದನ್ನು ನೋಡಿ, ಹೋಲ್ಟರಿನಲ್ಲಿ ಕಂಡದ್ದೇ ಇದು ಎಂದು ಒಮ್ಮೆ ಹೇಳಿದ ಮೇಲೆ, ಅದೇ ಆಕಾರದ ಅಲೆಯನ್ನು ಮತ್ತೆ ಕಂಡಾಗ ಫೋನು ಕೆಳಗಿಟ್ಟು ನಿದ್ದೆ ಮಾಡಲು ಸಾಧ್ಯವಾಗುತ್ತದೆ.

ಅದಕ್ಕೂ ಚಾಳಿಗಳಿವೆ. ಬೆರಳು ಒಣಗಿದ್ದರೆ ಗೆರೆ ಹಲ್ಲುಹಲ್ಲಾಗಿ ಬರುತ್ತದೆ, ತುಸು ನೀರು ಹಚ್ಚಬೇಕು. ಫೋನು ಚಾರ್ಜಿಗಿದ್ದರೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಗೆರೆಯೊಳಗೆ ಸೇರಿಕೊಳ್ಳುತ್ತದೆ. ಮೊಣಕೈಯನ್ನು ಮೇಜಿಗೋ ದಿಂಬಿಗೋ ಊರದಿದ್ದರೆ ಸ್ನಾಯುವಿನ ನಡುಕವೇ ಬಡಿತದಂತೆ ಕಾಣುತ್ತದೆ. ಒಂಟಿಯಾಗಿ ಬಂದು ಹೋಗುವ ಎಕ್ಟೋಪಿಕ್ ಅನ್ನು ಆ್ಯಪ್ ತೆರೆಯುವಷ್ಟರಲ್ಲಿ ಕಳೆದುಕೊಳ್ಳುವುದೇ ಹೆಚ್ಚು. ಸಾಲಾಗಿ ಬರುವ ದಿನಗಳಲ್ಲಿ ಸಿಕ್ಕೇ ಸಿಗುತ್ತದೆ.

ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮತ್ತು ಫೋನಿನ ಕ್ಯಾಮೆರಾಕ್ಕೆ ಬೆರಳಿಡುವ ಉಚಿತ ಆ್ಯಪ್‌ಗಳು ಎಣಿಸುವುದೂ ನಾಡಿಯನ್ನೇ ಆದ್ದರಿಂದ ವಾಚಿಗೆ ಹೇಳಿದ ಮಾತು ಅವಕ್ಕೂ ಸಲ್ಲುತ್ತದೆ. ಎದೆಗೆ ಅಂಟಿಸಿ ವಾರಗಟ್ಟಲೆ ದಾಖಲಿಸುವ ಪ್ಯಾಚುಗಳನ್ನು ನಾನು ಬಳಸಿಲ್ಲ.

ಪಟ್ಟಿಯಿಂದ ನನಗಾದ ಇನ್ನೊಂದು ಲಾಭ ಕಾಫಿಗೆ ಸಂಬಂಧಿಸಿದ್ದು. ಬಡಿತ ತಪ್ಪುತ್ತದೆ ಎಂದು ಬಾಯಿಬಿಟ್ಟ ಕೂಡಲೇ ಮನೆಯವರೆಲ್ಲ ಮೊದಲು ಕಿತ್ತುಕೊಳ್ಳುವುದು ಫಿಲ್ಟರ್ ಕಾಫಿಯ ಲೋಟವನ್ನು. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ, ನೂರು ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನದಲ್ಲಿ ಕಾಫಿ ಕುಡಿದ ದಿನಗಳಂದು ಹೃತ್ಕರ್ಣದ ಎಕ್ಟೋಪಿಕ್‌ಗಳು ಗಮನಾರ್ಹವಾಗಿ ಹೆಚ್ಚಲಿಲ್ಲ. ಹೃತ್ಕುಕ್ಷಿಯವು ಒಂದಿಷ್ಟು ಹೆಚ್ಚಿದವು, ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಯಿತು. ನನ್ನ ಪಿಡಿಎಫ್‌ಗಳನ್ನು ಸಾಲಾಗಿಟ್ಟು ನೋಡಿದರೆ ಬೆಳಗಿನ ಕಾಫಿಗೂ ಬಡಿತಕ್ಕೂ ನಂಟು ಕಾಣುವುದಿಲ್ಲ. ರಾತ್ರಿ ಪಾಳಿಯ ಮರುದಿನಕ್ಕೂ, ಹೊಟ್ಟೆ ಬಿರಿಯುವಂತೆ ಉಂಡು ಎಡಮಗ್ಗುಲಿಗೆ ಮಲಗುವುದಕ್ಕೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಬೆಳಗಿನ ಲೋಟ ಉಳಿದಿದೆ, ಸಂಜೆಯದು ಹೋಗಿದೆ.

ಕೈಯಲ್ಲಿ ಮೂರು ಸಾವಿರ ರೂಪಾಯಿ ಮಾತ್ರ ಇದ್ದರೆ ಉಪಕರಣದ ಯೋಚನೆ ಬಿಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮತ್ತು ಎಕೋ ಮಾಡಿಸಿ, ಉಳಿದದ್ದರಲ್ಲಿ ಹೋಲ್ಟರ್ ಹಾಕಿಸಿಕೊಳ್ಳಿ. ಹನ್ನೆರಡು ಸಾವಿರದವರೆಗೆ ಆಗುವುದಾದರೆ ಅದರ ಮೇಲೆ ಪಟ್ಟಿಯನ್ನು ಕೊಳ್ಳಿ. ಬೇರೆ ಕಾರಣಕ್ಕೆ ವಾಚು ಈಗಾಗಲೇ ಇದ್ದು, ಅದು ನಿಮ್ಮನ್ನು ಕಾಡುತ್ತಿಲ್ಲವಾದರೆ ಪಟ್ಟಿಗೆ ಹಣ ಹಾಕುವ ಅಗತ್ಯವಿಲ್ಲ, ಅದರ ಇಸಿಜಿಯನ್ನೇ ಪಿಡಿಎಫ್ ಮಾಡಿ ವೈದ್ಯರಿಗೆ ತೋರಿಸಬಹುದು. ಬಡಿತದ ಜೊತೆಗೆ ತಲೆ ತಿರುಗಿ ಬಿದ್ದಿದ್ದರೆ, ಓಡುವಾಗ ಅಥವಾ ಆಡುವಾಗ ಬಡಿತ ತಪ್ಪುತ್ತಿದ್ದರೆ, ಎದೆನೋವು ಉಸಿರುಕಟ್ಟುವಿಕೆ ಇದ್ದರೆ, ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಈ ಹೋಲಿಕೆ ನಿಮಗಲ್ಲ. ತಡಮಾಡದೆ ಹೃದ್ರೋಗ ತಜ್ಞರ ಬಳಿಗೆ ಹೋಗಿ.

ಪಟ್ಟಿಯನ್ನು ಕೊಂಡವರಿಗೆ ಒಂದು ಸೂಚನೆ: ಪ್ರತಿ ಪಿಡಿಎಫ್‌ನ ಹೆಸರಿನಲ್ಲೇ ದಿನಾಂಕ, ಹೊತ್ತು, ಆಗ ಮಾಡುತ್ತಿದ್ದ ಕೆಲಸ ಬರೆದಿಡಿ, ಮತ್ತು ಭೇಟಿಗೆ ಹೋಗುವಾಗ ಎಲ್ಲವನ್ನೂ ಒಯ್ಯದೆ ಚೆನ್ನಾಗಿ ಮೂಡಿದ ನಾಲ್ಕೈದನ್ನು ಮಾತ್ರ ಮುದ್ರಿಸಿಕೊಂಡು ಹೋಗಿ; ಹೊರರೋಗಿ ವಿಭಾಗದಲ್ಲಿ ಅದಕ್ಕಿಂತ ಹೆಚ್ಚು ನೋಡುವ ವ್ಯವಧಾನ ಯಾವ ವೈದ್ಯರಿಗೂ ಇರುವುದಿಲ್ಲ.